ಬಾಗಿಲಿಂದ ಕುರ್ಚಿವರೆಗಿನ ನಡಿಗೆ

ರೋಗಿ ಕೂರುವ ಮೊದಲೇ ನಿನ್ನ ಕೈ ಸ್ಕ್ಯಾನ್ ಚೀಟಿಗೆ ಹೋಗಿರುತ್ತೆ ಕಣಮ್ಮ. ನೀನು ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಪುಸ್ತಕವೆಲ್ಲ ಬಾಯಿಪಾಠ. ಆದರೆ ಬಾಗಿಲಿಂದ ಕುರ್ಚಿವರೆಗೆ ಆ ಹುಡುಗ ಹೇಗೆ ನಡೆದು ಬಂದ ಅಂತ ಕೇಳಿದರೆ ಮುಖ ಮುಖ ನೋಡ್ತೀಯ. ಕಿರುಮೆದುಳಿನ ಕಾಯಿಲೆ ಎಷ್ಟೋ ಸಲ ಆ ನಾಲ್ಕು ಹೆಜ್ಜೆಯಲ್ಲೇ ಸಿಕ್ಕಿಬೀಳುತ್ತೆ.

ಬೆಳಗ್ಗೆ ಎದ್ದ ಕೂಡಲೇ ತಲೆನೋವು, ಒಂದು ವಾಂತಿ, ಆಮೇಲೆ ಏನೂ ಆಗದ ಹಾಗೆ ಆಟ. ಇಂಥ ಮಗು ನಿನ್ನ ಹತ್ತಿರ ಬರುವ ಹೊತ್ತಿಗೆ ಮನೆಯವರು ಪಿತ್ತ ಅಂದಿರ್ತಾರೆ, ದೃಷ್ಟಿ ತೆಗೆದಿರ್ತಾರೆ, ಜಂತುಹುಳಕ್ಕೆ ಔಷಧಿ ಕುಡಿಸಿರ್ತಾರೆ. ಬೈಯಬೇಡ. ವಾಂತಿಗೆ ಹೊಟ್ಟೆಯೇ ಕಾರಣವಾಗಿರುವುದು ಹೆಚ್ಚು, ತಲೆಯೊಳಗಿನ ಗಡ್ಡೆ ಅಪರೂಪ. ನೀನು ಕೇಳಬೇಕಾದ್ದನ್ನು ಕೇಳು. ಇತ್ತೀಚೆಗೆ ಎಡವುತ್ತಾನಾ? ಲೋಟ ಎತ್ತಿದರೆ ನೀರು ಚೆಲ್ಲುತ್ತಾನಾ? ತಲೆ ಒಂದೇ ಕಡೆ ವಾಲಿಸ್ತಾನಾ? "ಮೆಟ್ಟಿಲು ಇಳಿಯುವಾಗ ಗೋಡೆ ಹಿಡೀತಾನೆ ಡಾಕ್ಟ್ರೇ, ಮೊದಲು ಹಿಂಗಿರಲಿಲ್ಲ" ಅಂತ ತಾಯಿ ಹೇಳಿದರೆ, ಅದನ್ನು ಅವಳ ಮಾತಲ್ಲೇ ಬರೆದುಕೋ. ನಿನ್ನ ಕೇಸ್ ಶೀಟಿನಲ್ಲಿ ಅದಕ್ಕಿಂತ ಬೆಲೆಯ ಸಾಲು ಇರಲಾರದು.

ಆಮೇಲೆ ಎದ್ದು ನಿಲ್ಲಿಸು. ನೆಲದ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಸು. ನಿನ್ನ ಬೆರಳು ಮುಟ್ಟಿಸು, ಅವನ ಮೂಗು ಮುಟ್ಟಿಸು, ಮತ್ತೆ ನಿನ್ನ ಬೆರಳು. ಗುರಿ ಹತ್ತಿರವಾದಷ್ಟೂ ಎಡಗೈ ನಡುಗಿದರೆ ಕಿರುಮೆದುಳಿನ ಎಡಭಾಗವನ್ನೇ ಅನುಮಾನಿಸು. ದೊಡ್ಡ ಮೆದುಳಿನ ಲೆಕ್ಕ ಇಲ್ಲಿ ನಡೆಯಲ್ಲ. ಕಣ್ಣಿನ ಹಿಂಬದಿಯನ್ನು ನೀನೇ ನೋಡು. ನರದ ತಲೆ ಊದಿದ್ದರೆ ಒಳಗೆ ಒತ್ತಡ ಏರಿದೆ. ಆಗ ಬೆನ್ನುನೀರು ತೆಗೆಯಲು ಸೂಜಿ ಎತ್ತಿಬಿಟ್ಟೀಯ, ಜೋಕೆ! ಕೆಳಗೆ ಒತ್ತಡ ಇಳಿದರೆ ಕಿರುಮೆದುಳಿನ ತುದಿ ಬುರುಡೆಯ ರಂಧ್ರಕ್ಕೆ ಜಾರಿ ಉಸಿರೇ ನಿಲ್ಲಬಹುದು.

ಸ್ಕ್ಯಾನ್ ಬೇಡ ಅಂದೆನೇ? ಇಷ್ಟು ನೋಡಿದ ಮೇಲೆ ಬರಿ, ತಡಮಾಡದೆ ಬರಿ. ಸಿಟಿ ಸರಿಯಾಗಿದೆ ಅಂತ ಮಾತ್ರ ಮನೆಗೆ ಕಳಿಸಿಬಿಡಬೇಡ. ಕಿವಿಯೊಳಗಿನ ಗಟ್ಟಿ ಮೂಳೆಯ ನೆರಳು ಆ ಭಾಗಕ್ಕೆ ಅಡ್ಡ ಬರುತ್ತೆ. ಎಂಆರ್‌ಐಯೇ ಬೇಕು.

ಚಿತ್ರ ಬಂದ ಮೇಲೂ ನಿನ್ನ ಅವಸರ ಇಳಿಯಲ್ಲ. ನಮ್ಮ ನಾಡಲ್ಲಿ ಕ್ಷಯದ ಗಂಟು ಇದೆ, ಲಾಡಿಹುಳದ ಮರಿ ಕಟ್ಟುವ ಗುಳ್ಳೆ ಇದೆ. ಅವೂ ಗಡ್ಡೆಯ ಹಾಗೇ ಕಾಣಿಸ್ತವೆ, ಔಷಧಿಗೆ ಕರಗ್ತವೆ. ಇನ್ನು ಕಿರುಮೆದುಳಲ್ಲಿ ನೀರುಚೀಲ, ಅದರ ಗೋಡೆಗೆ ಅಂಟಿದ ಚಿಕ್ಕ ಗಂಟು ಕಂಡಿತು ಅಂದುಕೋ. ರೋಗಿ ದೊಡ್ಡವನು. ಹಿಮ್ಯಾಂಜಿಯೋಬ್ಲಾಸ್ಟೋಮಾ ಇರಬಹುದು. ಇದಕ್ಕೂ ಕಣ್ಣಿನ ರಕ್ತನಾಳದ ಗಂಟಿಗೂ ನಂಟಿದೆ ಅಂತ 1926ರಲ್ಲಿ ತೋರಿಸಿದವರು ಸ್ವೀಡನ್ನಿನ ಅರ್ವಿಡ್ ಲಿಂಡೌ. ರಕ್ತಹೀನತೆಯೇ ಹೆಚ್ಚಿರುವ ಊರಲ್ಲಿ ಇವನ ಹಿಮೋಗ್ಲೋಬಿನ್ 18 ಇದ್ದರೆ ಒಳ್ಳೆ ರಕ್ತ ಅಂತ ಖುಷಿಪಡಬೇಡ, ಈ ಗಡ್ಡೆ ರಕ್ತ ಹೆಚ್ಚಿಸುವ ಹಾರ್ಮೋನನ್ನು ಸುರಿಸಬಲ್ಲದು. ಇದು ವಂಶದಲ್ಲಿ ಬಂದಿರಬಹುದು, ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತಾ, ಕಿಡ್ನಿ ಗಡ್ಡೆ ಇತ್ತಾ ಕೇಳು. ಅಡ್ರಿನಲ್ ಗ್ರಂಥಿಯನ್ನು ಆಪರೇಷನ್ನಿಗೆ ಮೊದಲೇ ನೋಡಿಸು. ಅಲ್ಲಿ ಗಂಟಿದ್ದರೆ ಅರಿವಳಿಕೆ ಕೊಟ್ಟಾಗ ಬಿಪಿ ಆಕಾಶಕ್ಕೇರುತ್ತೆ. ಹಾಗೆಯೇ ಕಿರುಮೆದುಳಲ್ಲಿ ಹುಲಿಪಟ್ಟೆಯ ಗೆರೆ ಕಂಡರೆ ಅದು ಲೆರ್ಮಿಟ್-ಡ್ಯುಕ್ಲೋ ಇರಬಹುದು. ಫ್ರೆಂಚರು 1920ರಲ್ಲೇ ವಿವರಿಸಿದ್ದು. ಗಡ್ಡೆ ಸೌಮ್ಯ, ಆದರೆ ಅದರ ಹಿಂದೆ ಪಿಟೆನ್ ಜೀನಿನ ದೋಷ ಇದ್ದರೆ ಸ್ತನ, ಥೈರಾಯ್ಡ್ ಎರಡನ್ನೂ ವರ್ಷ ವರ್ಷ ಕಾಯಬೇಕು. ತಲೆ ನೋಡಿದವಳು ಇಡೀ ಮೈ ನೋಡಬೇಕು ಕಣಮ್ಮ, ಮನೆಮಂದಿಯನ್ನೂ ನೋಡಬೇಕು.

ಮೆದುಳುಕಾಂಡದ ಮಾತು ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಬಿಡುವು ಮಾಡಿಕೊಂಡು ಹೋಗಿ ಆ ಕಾಂಡದ ನಡುಭಾಗ, ಪಾನ್ಸ್, ಎಷ್ಟು ದೊಡ್ಡದು ಅಂತ ಕಣ್ಣಾರೆ ನೋಡು. ಎರಡೂವರೆ ಸೆಂಟಿಮೀಟರಿನಷ್ಟು ಉದ್ದ. ಮಕ್ಕಳಲ್ಲಿ ಅಲ್ಲಿ ಹಬ್ಬುವ ಗ್ಲಯೋಮಾ ಹಿಟ್ಟಿನಲ್ಲಿ ಬೆರೆತ ಉಪ್ಪಿನ ಹಾಗೆ, ಕೊಯ್ದು ತೆಗೆಯಲು ಬರಲ್ಲ. ಕೆಲವೇ ವಾರಗಳಲ್ಲಿ ಮೆಳ್ಳಗಣ್ಣು, ಸೊಟ್ಟಬಾಯಿ, ತಡವರಿಸುವ ನಡಿಗೆ, ಮೂರೂ ಬಂದರೆ ಎಚ್ಚರವಾಗು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮ ಮಗಳು ಕರೆನ್‌ಳನ್ನು ಕಳೆದುಕೊಂಡಿದ್ದು ಮೆದುಳುಕಾಂಡದ ಗಡ್ಡೆಗೇ, 1962ರಲ್ಲಿ. ಆ ಮಗುವಿಗೆ ಮೂರೂ ತುಂಬಿರಲಿಲ್ಲ. ಇಂಥ ಗಡ್ಡೆಗಳ ಹಿಸ್ಟೋನ್ ಜೀನಿನಲ್ಲಿ ಬದಲಾವಣೆ ಇದೆ ಅಂತ ಗೊತ್ತಾಗಿದ್ದು 2012ರಲ್ಲಿ. ಇವತ್ತಿಗೂ ರೇಡಿಯೇಷನ್ ಕೊಡುವುದು ಕೆಲವು ತಿಂಗಳ ನೆಮ್ಮದಿ.

ಈ ಸುದ್ದಿಯನ್ನು ವರಾಂಡದಲ್ಲಿ ನಿಂತು ಹೇಳಬೇಡ. ಅಪ್ಪ ಅಮ್ಮ ಇಬ್ಬರನ್ನೂ ಕೂರಿಸು, ನೀನೂ ಕೂರು, ಫೋನ್ ಆಫ್ ಮಾಡು. ಅವರು ಅದೇ ಪ್ರಶ್ನೆಯನ್ನು ತಿರುಗಿ ತಿರುಗಿ ಕೇಳ್ತಾರೆ, ಪ್ರತಿ ಸಲವೂ ಉತ್ತರ ಕೊಡು. ಮಗುವಿಗೆ ನುಂಗಲು ಕಷ್ಟವಾದರೆ, ರಾತ್ರಿ ಉಸಿರು ಬದಲಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ತಾಯಿಯ ಕೈಗೇ ಕೊಡು.