ಕೋಡಿ ಬಿದ್ದ ವರ್ಷದ ಸೈಕಲ್ಲು

ಪರಶುರಾಂಪುರದ ಸುತ್ತಿನ ಹಳ್ಳಿಗಳಲ್ಲಿ ಕಪ್ಪು ಬಣ್ಣದ, ರಾಡ್ ಬ್ರೇಕಿನ ಸೈಕಲ್ಲು ಯಾರ ಮನೆಯ ಅಟ್ಟದಲ್ಲಿ ಸಿಕ್ಕರೂ ಅದು ‘ಬ್ರಿಟಿಷರ ಕಾಲದ್ದು’. ಮನೆಯವರು ಅದನ್ನು ನಂಬಿ ಹೇಳುತ್ತಾರೆ, ಗುಜರಿಯವನು ರೇಟು ಏರಿಸಲು ಹೇಳುತ್ತಾನೆ. ಹಳೇ ಫ್ರೇಮು ಕೊಂಡು, ಉಜ್ಜಿ ತೊಳೆದು, ಮತ್ತೆ ರಸ್ತೆಗಿಳಿಸುವ ಹುಚ್ಚು ನನಗೆ ಹತ್ತಿ ಬಹಳ ಕಾಲವಾಯಿತು. ಈಗ ಯಾರಾದರೂ ‘ಇದು ಯಾವ ಇಸವಿಯದು’ ಎಂದು ಕೇಳಿದರೆ ಇಸವಿ ಹೇಳುವುದಿಲ್ಲ. ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದೂ ಅಲ್ಲ ಎಂದು ಎರಡು ಕಡೆ ಗೂಟ ಹೊಡೆದುಕೊಡುತ್ತೇನೆ. ಅಷ್ಟು ಸಿಕ್ಕರೇ ದೊಡ್ಡದು.

ಯಾಕೆಂದರೆ ನಮ್ಮ ಕಡೆ ಸೈಕಲ್ಲು ತುಕ್ಕಿನಿಂದ ಹಾಳಾಗುವುದು ಕಡಿಮೆ. ಚಳ್ಳಕೆರೆ ಸೀಮೆಯ ಮಳೆ ಎಷ್ಟೆಂದು ಎಲ್ಲರಿಗೂ ಗೊತ್ತು. ಪೈಪು ಒಳಗಿನಿಂದ ಕೊಳೆಯುವಷ್ಟು ಪಸೆ ಇಲ್ಲಿನ ಗಾಳಿಯಲ್ಲಿಲ್ಲ. ಫ್ರೇಮಿನ ಗುರುತು ಅಳಿಸುವುದು ರಿಪೇರಿ. ಶೇಂಗಾ ಮೂಟೆ ಹೇರಿ ಹೇರಿ ಹಿಂಬದಿ ಕಡ್ಡಿ ಬಿರುಕು ಬಿಟ್ಟರೆ ವೆಲ್ಡಿಂಗ್, ಚಕ್ರ ಸೊಟ್ಟಗಾದರೆ ಬೇರೆ ಚಕ್ರ, ಯುಗಾದಿ ಬಂದರೆ ಮೇಲೊಂದು ಪೇಂಟು. ಬಾಡಿಗೆ ಅಂಗಡಿಯಲ್ಲಿ ದುಡಿದ ಸೈಕಲ್ಲಾದರೆ ಕೇಳಲೇಬೇಡಿ: ಹಿಂದಿನ ಮಡ್‌ಗಾರ್ಡಿನ ಮೇಲೆ ನಂಬರ್ ಬರೆಸಿಕೊಂಡು ಹತ್ತು ಸೈಕಲ್ಲಿನ ಸಾಮಾನನ್ನು ಮೈಗೇರಿಸಿಕೊಂಡಿರುತ್ತದೆ. 28 ಇಂಚಿನ ಚಕ್ರದ ಅಳತೆ ಅಂದಿನಿಂದ ಇಂದಿನವರೆಗೂ ಒಂದೇ. ಇಂಗ್ಲೆಂಡಿನ ಹಬ್ಬಿಗೆ ಲೂಧಿಯಾನದ ರಿಮ್ಮು ಕಟ್ಟಿದರೆ ಯಾವ ತಕರಾರೂ ಇಲ್ಲ. ಎರಡಕ್ಕೂ ಮುಂದೆ 32, ಹಿಂದೆ 40 ಕಡ್ಡಿ.

ಹಾಗಾಗಿ ಬಿಚ್ಚಿ ಬದಲಿಸಬಹುದಾದ ಯಾವುದನ್ನೂ ಮೊದಲು ನೋಡಬಾರದು. ಚೈನ್‌ವೀಲಿನ ಚಿತ್ತಾರವೇ ಎಲ್ಲರನ್ನೂ ಮರುಳು ಮಾಡುವುದು. ರ್‍ಯಾಲಿಯ ಚೈನ್‌ವೀಲಿನಲ್ಲಿ ಕೊಕ್ಕರೆ, ರಡ್ಜ್‌ನಲ್ಲಿ ಅಂಗೈ, ಹಂಬರ್‌ನಲ್ಲಿ ಮನುಷ್ಯರ ಆಕೃತಿಗಳು, ಬಿಎಸ್‌ಎಯಲ್ಲಿ ಅದರ ಮೂರಕ್ಷರ. ನೋಡಲು ಚಂದ, ಸಾಕ್ಷಿಗೆ ಸಾಲದು. ಕಾಟರ್ ಪಿನ್ ಬಡಿದು ಹೊರಗೆ ಹಾಕಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಹ್ಯಾಂಡಲ್, ಸೀಟು, ಬೆಲ್ಲು, ಡೈನಮೋ ಇವುಗಳ ಕಥೆಯೂ ಅಷ್ಟೆ. ಭಾಗವೊಂದರ ಮೇಲೆ ಐಎಸ್‌ಐ ಮುದ್ರೆ ಕಂಡರೆ ಅದಂತೂ ಬ್ರಿಟಿಷರ ಕಾಲದ್ದಲ್ಲ; ಆ ಮುದ್ರೆಗೆ ದಾರಿ ಮಾಡಿದ ಕಾಯಿದೆಯೇ 1952ರದು. ಆದರೆ ಅದು ಆ ಭಾಗದ ವಯಸ್ಸು ಮಾತ್ರ, ಫ್ರೇಮಿನದಲ್ಲ.

ಫ್ರೇಮಿನ ಮಾತು ಕೇಳಬೇಕೆಂದರೆ ಎಲ್ಲ ಬಿಚ್ಚಿ, ತಲೆಕೆಳಗು ಮಾಡಿ, ಸೀಮೆಎಣ್ಣೆಯಲ್ಲಿ ಜೋಡಣೆಗಳನ್ನು ತೊಳೆಯಬೇಕು. ಪೈಪಿಗೂ ಪೈಪುಗಳನ್ನು ಕೂಡಿಸುವ ಲಗ್ಗಿಗೂ ನಡುವಿನ ಸಂದಿಯಲ್ಲಿ ಬಣ್ಣವನ್ನು ಉಗುರಿನಷ್ಟು ಕೆರೆದು ನೋಡಿ: ಹಳದಿ ಹಿತ್ತಾಳೆ ಮಿನುಗಿದರೆ ಅದು ಕಾರ್ಖಾನೆಯ ಬೆಸುಗೆ. ಗಂಟುಗಂಟಾದ ಕರೆಂಟ್ ವೆಲ್ಡಿಂಗ್ ಕಂಡರೆ ಅಲ್ಲಿ ನಮ್ಮೂರ ಕೈ ಆಡಿದೆ. ಆಮೇಲೆ ಮುಂದಿನ ಫೋರ್ಕಿನ ನೆತ್ತಿ. ರ್‍ಯಾಲಿಯದಾದರೆ ಅಡ್ಡ ಕೊಳವೆಯಂತಿದ್ದು ಎರಡೂ ತುದಿಗೆ ದುಂಡು ಮುಚ್ಚಳ ಇರುತ್ತದೆ. ಹಂಬರ್ ಆದರೆ ಒಂದೊಂದು ಪಕ್ಕಕ್ಕೂ ಜೋಡಿ ಕಾಲು. ಅಷ್ಟು ದೂರದಿಂದಲೇ ಗುರುತು ಹಿಡಿಯಬಹುದು. ಬಂಡಿಗೆ ಗುದ್ದಿದ ಸೈಕಲ್ಲುಗಳಲ್ಲಿ ಫೋರ್ಕೂ ಬದಲಾಗಿರುತ್ತದೆ ಎಂಬುದನ್ನು ಮರೆಯಬಾರದು.

ನಾನು ಹೆಚ್ಚು ನಂಬುವುದು ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ, ಅಂದರೆ ಬಿಬಿ ಕಪ್ಪಿನ ಮರೆಯನ್ನು. ಬೇರೆ ಕಂಪನಿಗಳು ಇಂಚಿಗೆ 24 ಎಳೆಯ ಮರೆ ಕೊರೆಯುತ್ತಿದ್ದಾಗ ನಾಟಿಂಗ್‌ಹ್ಯಾಮಿನ ರ್‍ಯಾಲಿಯವರು ತಮ್ಮದೇ 26 ಎಳೆ ಇಟ್ಟುಕೊಂಡಿದ್ದರು. ಅಂಥ ಫ್ರೇಮಿಗೆ ಮಾಮೂಲಿ ಕಪ್ಪು ಒಂದೆರಡು ಸುತ್ತು ಹೋಗಿ ಹಠ ಹಿಡಿದು ನಿಲ್ಲುತ್ತದೆ. ಹಳೇ ಮೆಕ್ಯಾನಿಕ್ಕುಗಳು ‘ಇದಕ್ಕೆ ನಮ್ಮ ಕಪ್ಪು ಕೂರಲ್ಲ’ ಎಂದು ವಾಪಸ್ ಕೊಡುತ್ತಿದ್ದುದು ಇದಕ್ಕೇ. ಅವರು ಬೇಡವೆಂದ ಫ್ರೇಮನ್ನು ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ. 24 ಎಳೆ ಸಿಕ್ಕರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ, ಅದು ಯಾರ ಮನೆಯದಾದರೂ ಆಗಿರಬಹುದು.

ಒಮ್ಮೆ ಮೊಳಕಾಲ್ಮೂರು ದಿಕ್ಕಿನ ಒಂದು ಹಳ್ಳಿಯಲ್ಲಿ ಸಿಕ್ಕ ಸೈಕಲ್ಲಿನ ಕಥೆ ಹೇಳಬೇಕು. ‘ಮಾರಿಕಣಿವೆ ಕೋಡಿ ಬಿದ್ದ ವರ್ಷ ನಮ್ಮ ಮುತ್ತಾತ ತಂದದ್ದು’ ಎಂದರು ಮನೆಯವರು. ವೇದಾವತಿ ದಂಡೆಯವರಿಗೆ ಆ ವರ್ಷ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ ತುಂಬಿ ಹರಿದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಆಗ ಹೊಳೆ ನೋಡಲು ನಿಂತ ಮುದುಕರ ಬಾಯಲ್ಲೆಲ್ಲ ಆ ಹಳೇ ಕೋಡಿಯದೇ ಸುದ್ದಿ. ಸೈಕಲ್ಲಿನ ಹಿಂದಿನ ಹಬ್ಬಿನ ಮೇಲೆ ಬರ್ಮಿಂಗ್‌ಹ್ಯಾಮಿನ ಪೆರ್ರಿ ಕಂಪನಿಯ ಹೆಸರು, ಪಕ್ಕದಲ್ಲಿ ‘ಮೇಡ್ ಇನ್ ಇಂಗ್ಲೆಂಡ್’. ಮನೆಯವರ ಮಾತಿಗೂ ಹಬ್ಬಿಗೂ ತಾಳೆಯಾಯಿತು.

ಆದರೆ ಮುಂಗೊಳವೆಯ ಮೇಲಿನ ಬ್ಯಾಡ್ಜು ಪೇಂಟಿನಲ್ಲಿ ಹೂತುಹೋಗಿತ್ತು. ಹಸಿರು, ನೀಲಿ, ಮತ್ತೆ ಕಪ್ಪು ಪದರ ಕರಗಿದ ಮೇಲೆ ಕೊಕ್ಕರೆ ಕಾಣಿಸಿತು, ಜೊತೆಗೆ ಸೆನ್-ರ್‍ಯಾಲಿ ಎಂಬ ಹೆಸರು. ಬ್ಯಾಡ್ಜು ಬೇರೆಡೆಯಿಂದ ತಂದು ಹೊಡೆದದ್ದೋ ಎಂದು ಮುಂಗೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ರಿವೆಟ್ಟಿನ ತೂತುಗಳು ಅವೇ, ಮುಚ್ಚಿದ ಹಳೇ ತೂತು ಬೇರೊಂದಿಲ್ಲ. ಕಲ್ಕತ್ತೆಯ ಸುಧೀರ್ ಕುಮಾರ್ ಸೆನ್ ಅವರು ರ್‍ಯಾಲಿಯ ಜೊತೆಗೂಡಿ ಬಂಗಾಳದ ಅಸನ್ಸೋಲಿನಲ್ಲಿ ಕಾರ್ಖಾನೆ ತೆರೆದದ್ದು 1952ರಲ್ಲಿ. ಅಂದರೆ ಈ ಫ್ರೇಮು ಅದಕ್ಕಿಂತ ಹಿಂದಿನದಾಗಿರಲು ದಾರಿಯೇ ಇಲ್ಲ. ಇನ್ನೊಂದು ಗೂಟ ಲ್ಯಾಂಪಿನ ಕೊಂಡಿಗೆ ಸಿಕ್ಕಿಕೊಂಡಿತ್ತು: ಸೈಕಲ್ ತೆರಿಗೆ ಕಟ್ಟಿದವರಿಗೆ ಕೊಡುತ್ತಿದ್ದ ತಗಡಿನ ಬಿಲ್ಲೆ. ಊರಿನ ಹೆಸರು ಸವೆದಿತ್ತು, 1961-62 ಎಂಬುದು ಉಳಿದಿತ್ತು. ಬಿಲ್ಲೆಯನ್ನೂ ಬೇರೆ ಸೈಕಲ್ಲಿನಿಂದ ತಂದು ಹಾಕಬಹುದಲ್ಲ ಎಂದರೆ, ಹಾಕಬಹುದು. ಆದರೆ ಮುಗಿದ ವರ್ಷದ ಬಿಲ್ಲೆಯನ್ನು ಹೊಸ ಸೈಕಲ್ಲಿಗೆ ಕಟ್ಟಿ ಯಾರಿಗೇನು ಲಾಭ?

ಹಾಗಾದರೆ ಕೋಡಿ ಬಿದ್ದ ವರ್ಷದ ಮಾತು ಸುಳ್ಳೇ? ನನಗೆ ಹಾಗನ್ನಿಸಲಿಲ್ಲ. ಮುತ್ತಾತ 1933ರಲ್ಲಿ ಸೈಕಲ್ಲು ತಂದದ್ದು ನಿಜವಿರಬೇಕು. ಅದರ ಫ್ರೇಮು ಮುರಿದಾಗ ಮಗ ಹೊಸ ಫ್ರೇಮು ಕೊಂಡು, ಗಟ್ಟಿಯಾಗಿದ್ದ ಹಳೇ ಹಬ್ಬನ್ನು ಅದಕ್ಕೇ ಕಟ್ಟಿಸಿದ್ದಾನೆ. ಮನೆಯವರ ಲೆಕ್ಕದಲ್ಲಿ ಸೈಕಲ್ಲು ಬದಲಾಗಲೇ ಇಲ್ಲ.

ಫ್ರೇಮು ಬಂದ ದಾರಿ ತಿಳಿಯಲು ನಮ್ಮಂಥ ಗಡಿಯೂರಿನವರಿಗೆ ಇನ್ನೊಂದು ಅನುಕೂಲವಿದೆ. ಮಾರಿದ ಅಂಗಡಿಯವರು ಸೀಟಿನ ಕೊಳವೆಗೋ ಮಡ್‌ಗಾರ್ಡಿಗೋ ತಮ್ಮ ಹೆಸರಿನ ಪಟ್ಟಿ ಅಂಟಿಸುತ್ತಿದ್ದರು. ಅಂಥದ್ದೊಂದರಲ್ಲಿ ‘ರಾಯದುರ್ಗ, ಬಳ್ಳಾರಿ ಜಿಲ್ಲೆ’ ಎಂದಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಆಂಧ್ರದ ಕಡೆ ಹೋಯಿತು. ಹಾಗಾಗಿ ಆ ಪಟ್ಟಿ ಅದಕ್ಕೆ ಮುಂಚಿನದು. ಅಂಗಡಿಯವನು ಮಿಕ್ಕ ಹಳೇ ಪಟ್ಟಿಗಳನ್ನು ಒಂದೆರಡು ವರ್ಷ ಖರ್ಚು ಮಾಡಿರಬಹುದು, ಅಷ್ಟು ಬಿಟ್ಟುಕೊಡೋಣ. ಹಾಗೇ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮುಂಚಿನದು. ಬಣ್ಣ ತೆಗೆಯುವ ಮೊದಲು ಇಂಥ ಪಟ್ಟಿಗಳ ಫೋಟೊ ಹಿಡಿದಿಟ್ಟುಕೊಳ್ಳಿ. ರಿಮೂವರ್ ಬಿದ್ದ ಮೇಲೆ ಯಾರೂ ಓದಲಾರರು.

ಕಂಪನಿಗಳ ಇತಿಹಾಸವೂ ಗೂಟಕ್ಕೆ ಬರುತ್ತದೆ. ಮದ್ರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್ 1949ರಲ್ಲಿ ಹುಟ್ಟಿದ್ದು, ಸೋನಿಪತ್ತಿನ ಅಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಹರ್ಕ್ಯುಲಿಸ್ ಹೆಸರು ಬರ್ಮಿಂಗ್‌ಹ್ಯಾಮಿನಲ್ಲೂ ಇತ್ತು, ಅಂಬತ್ತೂರಿನಲ್ಲೂ ಇತ್ತು. ಬರೀ ಹೆಸರು ನೋಡಿ ದುಡ್ಡು ಕೊಡಬೇಡಿ. ಬೊಂಬಾಯಿಯ ಹಿಂದ್ ಸೈಕಲ್ಸ್ ಮತ್ತು ಸೆನ್-ರ್‍ಯಾಲಿಯನ್ನು 1980ರಲ್ಲಿ ಒಂದೇ ಕಾಯಿದೆಯಿಂದ ಸರ್ಕಾರ ವಹಿಸಿಕೊಂಡಿತು.

ಕೋಡಿ ವರ್ಷದ ಆ ಸೈಕಲ್ಲಿನ ಫ್ರೇಮು ಅಸನ್ಸೋಲಿನದೆಂದು ಹೇಳಿದಾಗ ಮನೆಯವರ ಮುಖ ಸ್ವಲ್ಪ ಸಣ್ಣದಾಯಿತು. ನಾನು ದರ ಇಳಿಸಲಿಲ್ಲ. ಹಿಂದಿನ ಚಕ್ರಕ್ಕೆ ಹೊಸ ಗುಂಡು, ಗ್ರೀಸು, ಹೊಸ ಕಡ್ಡಿ ಹಾಕಿಸಿದೆ. ಹಬ್ಬನ್ನು ಬದಲಿಸಲಿಲ್ಲ.