ತಾಯಿಯ ಕೈಯ ಪಾಲು

ಮಕ್ಕಳನ್ನು ಸಾಕುವದು ಒಂದು, ಬೆಳೆಸುವದು ಇನ್ನೊಂದು. ಸಾಕುವದಕ್ಕೆ ಅನ್ನವೂ ಬಟ್ಟೆಯೂ ಸಾಕು. ಬೆಳೆಸುವದಕ್ಕೆ ನ್ಯಾಯವೂ ಬೇಕು. ನಮ್ಮ ಶಾಲೆಯಲ್ಲಿ ಓದಿ ಹೋಗಿ ಈಗ ತಾಯಂದಿರಾಗಿರುವ ಸಹೋದರಿಯರಿಗೂ, ಮುಂದೆ ತಾಯಂದಿರಾಗಲಿರುವ ನಮ್ಮ ವಿದ್ಯಾರ್ಥಿನಿಯರಿಗೂ ಈ ಸ್ಮರಣ ಸಂಚಿಕೆಯ ಮೂಲಕ ಒಂದು ಪಾಠವನ್ನು ಹೇಳಬೇಕೆಂದು ನಾವು ಅಪೇಕ್ಷಿಸುತ್ತೇವೆ. ಇದು ಪರೀಕ್ಷೆಗೆ ಬರುವ ಪಾಠವಲ್ಲ. ಆದರೂ ಬಾಳಿನಲ್ಲಿ ಇದರ ಪರೀಕ್ಷೆಯು ತಪ್ಪದೆ ಬರುವದು. ಪಾಠದ ವಿಷಯವೇನಂದರೆ, ಮಗನಿಗೂ ಮಗಳಿಗೂ ತಾಯಿಯು ದಿನದಿನವೂ ತನ್ನ ಕೈಯಿಂದ ಹಂಚುವ ಪಾಲು.

ಪುತ್ತೂರು, ಸುಳ್ಯ, ಕಡಬ ಎಂಬ ಈ ಸೀಮೆಯ ಕ್ರೈಸ್ತ ಮನೆಗಳು ಒಂದೇ ಬಗೆಯವಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರ ಕೆಲಸದಿಂದ ಹುಟ್ಟಿದ ಸಭೆಗಳ ಮನೆಗಳಲ್ಲಿ ತಾಯಿಯು ಮಗುವನ್ನು ತುಳುವಿನಲ್ಲಿ ಲಾಲಿಸುತ್ತಾಳೆ. ಅವುಗಳಿಗಿಂತ ಹಳೆಯವಾದ ಕಥೋಲಿಕ ಮನೆತನಗಳಲ್ಲಿ ಕೊಂಕಣಿಯು ಕೇಳಿಬರುವದು. 20ನೆಯ ಶತಮಾನದ ನಡುಭಾಗದಿಂದ ತಿರುವಾಂಕೂರಿನ ಕಡೆಯಿಂದ ಬಂದು ಕಡಬ, ನೆಲ್ಯಾಡಿಗಳ ಗುಡ್ಡಗಳಲ್ಲಿ ರಬ್ಬರ್ ಬೆಳೆಸಿದ ಸುರಿಯಾನಿ ಕ್ರೈಸ್ತರಲ್ಲಿ ಮಲಯಾಳವುಂಟು. 1964ರ ಒಪ್ಪಂದದ ತರುವಾಯ ಶ್ರೀಲಂಕೆಯಿಂದ ಹಿಂದಿರುಗಿ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡ ತಮಿಳರಲ್ಲಿಯೂ ಕ್ರೈಸ್ತ ಮನೆಗಳಿವೆ. ಭಾಷೆಗಳು ನಾಲ್ಕು, ಆರಾಧನೆಯ ಕ್ರಮಗಳು ಹಲವು. ಆದರೆ ತಾಯಿಯ ದಿನವು ಎಲ್ಲ ಕಡೆಯಲ್ಲಿಯೂ ಬಹುಮಟ್ಟಿಗೆ ಒಂದೇ. ಆ ದಿನವನ್ನು ಬೆಳಗಿನಿಂದ ರಾತ್ರಿಯ ವರೆಗೆ ನೋಡೋಣ.

1. ಬೆಳಗಿನ ಕೆಲಸ

ರಬ್ಬರ್ ಮರದ ಹಾಲು ತಂಪು ಹೊತ್ತಿನಲ್ಲಿ ಚೆನ್ನಾಗಿ ಇಳಿಯುವದು. ಬಿಸಿಲೇರಿದ ಮೇಲೆ ಕಡಿಮೆಯಾಗುವದು. ಆದಕಾರಣ ಟ್ಯಾಪಿಂಗ್ ಮಾಡುವ ತಾಯಿಯು ನಸುಕಿಗೆ ಮುಂಚೆಯೇ ತಲೆಗೆ ದೀಪ ಕಟ್ಟಿಕೊಂಡು ತೋಟಕ್ಕೆ ಹೊರಡುತ್ತಾಳೆ. ಅಡಿಕೆ ತೋಟದ ಮನೆಯಲ್ಲಿ ಹೆಕ್ಕುವ, ಒಣಗಿಸುವ, ಸುಲಿಯುವ ಕೆಲಸಗಳಿವೆ. ಬಡವರ ಮನೆಯಲ್ಲಿ ಬೀಡಿಯ ಮೊರವು ಮಡಿಲಿಂದ ಇಳಿಯುವದೇ ಇಲ್ಲ. ಹೀಗೆ ತಾಯಿಯು ದುಡಿಯುತ್ತಿರುವಾಗ ಒಲೆ ಹೊತ್ತಿಸುವವರಾರು? ತಮ್ಮನನ್ನು ಎಬ್ಬಿಸಿ ಅವನ ಅಂಗಿಯನ್ನು ಹುಡುಕಿಕೊಡುವವರಾರು? ಹೆಚ್ಚಾಗಿ ಹನ್ನೆರಡು ವರ್ಷದ ಮಗಳೇ. ಮೊದಲನೆಯ ಪಾಠದ ಹೊತ್ತಿಗೆ ತೂಕಡಿಸುವ ಹುಡುಗಿಯನ್ನು ಗದರಿಸುವದಕ್ಕೆ ಮುಂಚೆ, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಳೆಂದು ವಿಚಾರಿಸಬೇಕೆಂಬದು ನಮ್ಮ ಶಾಲೆಯ ಪದ್ಧತಿ.

2019ರಲ್ಲಿ ಭಾರತ ಸರಕಾರದವರು ಜನರ ದಿನಚರಿಯ ಕುರಿತು ಲೆಕ್ಕ ತೆಗೆದರು. ಕೂಲಿಯಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷಗಳನ್ನೂ, ಮಾಡುವ ಗಂಡಸರು 97 ನಿಮಿಷಗಳನ್ನೂ ಸರಾಸರಿಯಾಗಿ ಕೊಡುತ್ತಾರೆಂದು ಅದರಲ್ಲಿ ಕಂಡುಬಂತು. ಈ ಅಂತರವು ಮದುವೆಯ ದಿನದಲ್ಲಿ ಹುಟ್ಟಿದ್ದಲ್ಲ. ಮಗನ ತಟ್ಟೆಯನ್ನು ಮಗಳು ತೊಳೆದ ಮೊದಲನೆಯ ದಿನವೇ ಹುಟ್ಟಿತು.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಮಾರ್ಥಳು ಅಡಿಗೆಯ ಗಡಿಬಿಡಿಯಲ್ಲಿದ್ದಾಗ ಮರಿಯಳು ಗುರುವಿನ ಪಾದದ ಬಳಿಯಲ್ಲಿ ಕೂತು ಕಲಿಯುತ್ತಿದ್ದಳೆಂದು ನಾವೆಲ್ಲರೂ ಓದಿದ್ದೇವೆ. ಕಲಿಯುವ ಸ್ಥಳವು ಹೆಣ್ಣಿಗೂ ಸಲ್ಲುವದೆಂದು ಆ ಮನೆಯಲ್ಲಿ ತೀರ್ಮಾನವಾಯಿತು. ನಮ್ಮ ಮನೆಗಳಲ್ಲಿಯಾದರೋ ಮರಿಯಳ ಸ್ಥಳವು ಯಾವಾಗಲೂ ಮಗನಿಗೆ, ಮಾರ್ಥಳ ಸ್ಥಳವು ಯಾವಾಗಲೂ ಮಗಳಿಗೆ ದೊರೆಯುತ್ತಿದ್ದರೆ ನಾವು ಓದಿದ್ದರ ಫಲವೇನು? ಅಡಿಗೆಯು ಗಂಡಿಗೆ ಹೀನವೆಂದು ಹೇಳುವವರು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನು ನೋಡಲಿ. ರಾತ್ರಿಯೆಲ್ಲಾ ದುಡಿದು ದಡಕ್ಕೆ ಬಂದ ಶಿಷ್ಯರಿಗಾಗಿ ಕೆಂಡದ ಮೇಲೆ ಮೀನನ್ನು ಸಿದ್ಧಮಾಡಿಟ್ಟವನು ಕರ್ತನೇ.

ಇದರಿಂದ ತಾಯಿಯು ಕಲಿಯತಕ್ಕದ್ದು ಸುಲಭವಾದ ಸಂಗತಿ. ಒಂದು ವಾರ ಪಾತ್ರೆ ತೊಳೆಯುವ ಕೆಲಸವು ಮಗನದಾದರೆ ಅಂಗಳ ಗುಡಿಸುವದು ಮಗಳದಾಗಲಿ. ಮುಂದಿನ ವಾರ ಅದಲುಬದಲಾಗಲಿ. ಮಗನು ಒಂದು ಪಾತ್ರೆಯನ್ನು ತೊಳೆದದ್ದಕ್ಕಾಗಿ ನೆರೆಹೊರೆಯವರ ಮುಂದೆ ಹೊಗಳಬಾರದು. ಮಗಳನ್ನು ಅದಕ್ಕಾಗಿ ಯಾರೂ ಹೊಗಳಲಿಲ್ಲವಷ್ಟೆ.

2. ಊಟದ ಬಟ್ಟಲು

ಕುಚ್ಚಲಕ್ಕಿಯ ಗಂಜಿಯನ್ನು ಬಡಿಸುವಾಗ ಪಕ್ಷಪಾತವು ಕಾಣುವದಿಲ್ಲ. ಬಂಗುಡೆಯ ಸಾರನ್ನು ಬಡಿಸುವಾಗ ಕಾಣುವದು. ನಡುತುಂಡು ತಂದೆಗೆ ಮತ್ತು ಮಗನಿಗೆ, ತಲೆಯೂ ಬಾಲವೂ ಮಗಳಿಗೆ, ಬರೀ ಸಾರು ತಾಯಿಗೆ. ಇದನ್ನು ಯಾರೂ ಆಜ್ಞಾಪಿಸಿದ್ದಿಲ್ಲ. ಕೈಯು ತಾನಾಗಿ ಹಾಗೆ ಹೋಗುವದು.

2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಹುಡುಗರಲ್ಲಿ 100ಕ್ಕೆ 31 ಮಂದಿಗೆ. ಪ್ರತಿ ತಿಂಗಳೂ ರಕ್ತವನ್ನು ಕಳಕೊಳ್ಳುವ ಶರೀರಕ್ಕೆ ಕಬ್ಬಿಣದ ಅಂಶವು ಹೆಚ್ಚು ಬೇಕಾಗಿರುವಾಗ ಅದಕ್ಕೆ ಕಡಿಮೆ ಪಾಲು ಕೊಡುವದು ನ್ಯಾಯವೂ ಅಲ್ಲ, ಬುದ್ಧಿಯೂ ಅಲ್ಲ. ಮೀನಿನ ತುಂಡು ಇಬ್ಬರಿಗೂ ಸಮವಾಗಿರಲಿ. ಮನೆಯ ಹಿಂದಿನ ನುಗ್ಗೆಸೊಪ್ಪು, ಹರಿವೆಸೊಪ್ಪು, ಹೆಸರು, ಹುರುಳಿಗಳು ವಾರದಲ್ಲಿ ಹಲವು ಸಾರಿ ಬಟ್ಟಲಿಗೆ ಬರಲಿ. ಅವುಗಳ ಸಂಗಡ ಒಂದಿಷ್ಟು ಲಿಂಬೆಯ ರಸವಿರಲಿ. ಊಟದ ಜೊತೆಗೇ ಚಹಾ ಕುಡಿಯುವದನ್ನು ಬಿಡಬೇಕು. ಕಬ್ಬಿಣದ ಅಂಶವು ಶರೀರಕ್ಕೆ ಸೇರುವದನ್ನು ಅದು ತಡೆಯುವದು.

ಯಾಕೋಬನು ಯೋಸೇಫನಿಗೆ ಮಾತ್ರ ವಿಶೇಷವಾದ ಅಂಗಿಯನ್ನು ಕೊಟ್ಟದ್ದರಿಂದ ಅವನ ಮನೆಯಲ್ಲಿ ಎಂಥ ಕಲಹ ಹುಟ್ಟಿತೆಂದು ಆದಿಕಾಂಡವು ತಿಳಿಸುತ್ತದೆ. ಅಂಗಿಯು ದೊಡ್ಡದಲ್ಲ, ಮೀನಿನ ತುಂಡೂ ದೊಡ್ಡದಲ್ಲ. ಆದರೆ ಮಕ್ಕಳು ಅವುಗಳಿಂದಲೇ ತಮ್ಮ ಬೆಲೆಯನ್ನು ಎಣಿಸಿಕೊಳ್ಳುತ್ತಾರೆ.

3. ಪುಸ್ತಕವೂ ಹೊಳೆಯೂ

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಹಿರಿಯರು ಹಾಕಿದ ಅಡಿಪಾಯವು ಸಣ್ಣದಲ್ಲ. 1870ರಲ್ಲಿ ಮಂಗಳೂರಿಗೆ ಬಂದ ಕಾರ್ಮೆಲ್ ಸಭೆಯ ಸಿಸ್ಟರುಗಳು ಹುಡುಗಿಯರಿಗೆ ಪಾಠ ಹೇಳಿದರು. 1921ರಲ್ಲಿ ಅವರ ಸೇಂಟ್ ಆಗ್ನೆಸ್ ಕಾಲೇಜು ತೆರೆಯಿತು. ಆದರೆ ಶಾಲೆಯಿದ್ದ ಮಾತ್ರಕ್ಕೆ ಮಗಳು ಬಂದು ತಲಪುವಳೆಂದಲ್ಲ. ಮಳೆಗಾಲದಲ್ಲಿ ಪಯಸ್ವಿನಿಯೂ ಕುಮಾರಧಾರೆಯೂ ಅವುಗಳಿಗೆ ಸೇರುವ ಹಳ್ಳಗಳೂ ಉಕ್ಕಿದಾಗ, ದೋಣಿಯನ್ನೋ ಅಡಿಕೆಮರದ ಸಂಕವನ್ನೋ ನಂಬಿ ದಾಟಬೇಕಾದ ಮನೆಗಳಲ್ಲಿ ಮೊದಲು ಮನೆಯಲ್ಲಿ ಉಳಿಯುತ್ತಿದ್ದವಳು ಮಗಳು. ಸುಳ್ಯದ ಎಂಜಿನಿಯರರಾದ ಗಿರೀಶ್ ಭಾರದ್ವಾಜರು 1989ರಲ್ಲಿ ಆರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆಯನ್ನು ಕಟ್ಟಿದರು; ತರುವಾಯ ಅಂಥ ಅನೇಕ ಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಸೇತುವೆಯು ಮಗನಿಗೂ ಮಗಳಿಗೂ ಒಂದೇ ಅಗಲವಾಗಿರುವದೆಂಬದನ್ನು ತಾಯಂದಿರು ಗಮನಿಸಬೇಕು.

ಈಗ ಹೊಳೆಯ ಅಡ್ಡಿಯು ತಗ್ಗಿರುವದು. ಹಣದ ಅಡ್ಡಿಯು ಉಳಿದಿರುವದು. ಮಗನಿಗೆ ದೂರದ ಕಾಲೇಜು, ಅದಕ್ಕಾಗಿ ಬ್ಯಾಂಕಿನ ಸಾಲ. ಮಗಳಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗುವಷ್ಟು ಹತ್ತಿರದ ಕಾಲೇಜು, ಯಾಕಂದರೆ ಅವಳ ಮದುವೆಗೆ ಹಣ ಕೂಡಿಸಬೇಕು. ವರದಕ್ಷಿಣೆಯನ್ನು ಕೊಡುವದೂ ತಕ್ಕೊಳ್ಳುವದೂ 1961ರ ಕಾಯಿದೆಯಿಂದ ನಿಷೇಧಿಸಲ್ಪಟ್ಟಿದೆ. ಆ ಹಣವು ಮಗಳ ವಿದ್ಯೆಗೆ ಹೋದರೆ ಅವಳ ಕೈಯಲ್ಲಿಯೇ ಉಳಿಯುವದು. ಬೇರೆಯವರ ಮನೆಗೆ ಹೋದರೆ ಅವಳ ಕೈಗೆ ತಿರುಗಿ ಬರುವದು ಕಷ್ಟ.

4. ಸಂಜೆಯ ಪ್ರಾರ್ಥನೆ

ದೀಪ ಹಚ್ಚಿದ ಮೇಲೆ ಕೊಂಕಣಿ ಮನೆಗಳಲ್ಲಿ ತೇರ್ಸ್ ನಡೆಯುವದು. ಅದು ಮುಗಿದ ಮೇಲೆ ಮಕ್ಕಳು ಹಿರಿಯರಿಂದ ಬೆಸಾಂವ್ ಬೇಡುವರು. ತುಳು ಮನೆಗಳಲ್ಲಿ ಒಂದು ಸಂಗೀತವನ್ನು ಹಾಡಿ ವೇದವಾಕ್ಯವನ್ನು ಓದುವರು. ಆಶೀರ್ವಾದಕ್ಕಾಗಿ ಬಾಗಿದ ತಲೆಗಳಲ್ಲಿ ಗಂಡು ಯಾವದು, ಹೆಣ್ಣು ಯಾವದು ಎಂದು ತಾಯಿಯ ಕೈಯು ಎಣಿಸುವದಿಲ್ಲ. ತಿಮೊಥೆಯನ ವಿಶ್ವಾಸವು ಅಜ್ಜಿಯಾದ ಲೋವಿಯಿಂದಲೂ ತಾಯಿಯಾದ ಯೂನಿಕೆಯಿಂದಲೂ ಬಂತೆಂದು ಪೌಲನು ಬರೆದನು. ಹೆಂಗಸರ ಕೈಯಿಂದಲೇ ಆ ಸ್ವಾಸ್ತ್ಯವು ಮೊಮ್ಮಗನಿಗೆ ಇಳಿಯಿತು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ ಈ ಸಮತ್ವವು ಇನ್ನೂ ಸ್ಪಷ್ಟವಾಗಿ ಕಾಣುವದು. ಇಗರ್ಜಿಯಲ್ಲಿ ಆಶೀರ್ವದಿಸಲ್ಪಟ್ಟ ಹೊಸ ತೆನೆಯನ್ನು ಮನೆಗೆ ತಂದು, ಕಾಳುಗಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ ಎಲ್ಲರಿಗೂ ಹಂಚುವರು. ದೂರದ ಊರಲ್ಲಿರುವ ಮಗನಿಗೂ, ಕೊಟ್ಟ ಮನೆಯಲ್ಲಿರುವ ಮಗಳಿಗೂ ಕಾಳುಗಳನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳುಹಿಸುವದುಂಟು. ಮದುವೆಯಾಗಿ ಹೋದಳೆಂದು ಅವಳ ಕಾಳನ್ನು ಯಾರೂ ಕಡಿಮೆ ಮಾಡುವದಿಲ್ಲ. ಹೊಸ ಅಕ್ಕಿಯಲ್ಲಿ ಪಾಲುಂಟೆಂದ ಮೇಲೆ, ಆ ಅಕ್ಕಿ ಬೆಳೆದ ಗದ್ದೆಯಲ್ಲಿ ಪಾಲಿಲ್ಲವೆಂದು ಹೇಳುವದು ಹೇಗೆ?

5. ಒಂದು ದಿನ ಬರುವ ಪತ್ರ

ಇಲ್ಲಿಯೇ ನಮ್ಮ ಪಾಠದ ಮುಖ್ಯಾಂಶವಿದೆ. ಆಸ್ತಿಯ ಪಾಲು ಸಬ್ ರಿಜಿಸ್ಟ್ರಾರರ ಕಛೇರಿಯಲ್ಲಿ ಬರೆಯಲ್ಪಡುವದಕ್ಕೆ ಇಪ್ಪತ್ತು ವರ್ಷ ಮುಂಚೆ ಅಡಿಗೆಮನೆಯಲ್ಲಿ ಬರೆಯಲ್ಪಟ್ಟಿರುತ್ತದೆ.

ಕಾನೂನು ಹೇಳುವದೇನೆಂದು ಪ್ರತಿಯೊಬ್ಬ ಕ್ರೈಸ್ತ ತಾಯಿಯೂ ತಿಳಿದಿರಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ತಂದೆಯು ವಿಲ್ ಬರೆಯದೆ ತೀರಿಹೋದರೆ ಮೂರರಲ್ಲಿ ಒಂದು ಪಾಲು ವಿಧವೆಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ. ಲೆಕ್ಕಕ್ಕಾಗಿ, 3 ಎಕರೆ ಜಾಗವಿದ್ದು ಇಬ್ಬರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಇದ್ದರೆ, ತಾಯಿಗೆ 1 ಎಕರೆ, ಮಕ್ಕಳಿಗೆ ತಲಾ 50 ಸೆಂಟ್ಸ್.

ತಿರುವಾಂಕೂರು ಸಂಸ್ಥಾನದ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನು ಹೀಗಿರಲಿಲ್ಲ. ಮಗಳಿಗೆ ಮಗನ ಪಾಲಿನ ನಾಲ್ಕನೆಯ ಒಂದಂಶ, ಇಲ್ಲವೆ 5,000 ರೂಪಾಯಿ, ಇವೆರಡರಲ್ಲಿ ಯಾವದು ಕಡಿಮೆಯೋ ಅದು. ಸ್ತ್ರೀಧನವು ಕೊಡಲ್ಪಟ್ಟಿದ್ದರೆ ಅದೂ ಇಲ್ಲ. ಕೋಟ್ಟಯದಲ್ಲಿ ಶಾಲೆಯನ್ನು ಸ್ಥಾಪಿಸಿ ನಡಿಸಿದ ಮೇರಿ ರಾಯ್ ಎಂಬ ಉಪಾಧ್ಯಾಯಿನಿಯವರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ವರೆಗೆ ಹೋದರು. ತಿರುವಾಂಕೂರಿನ ಕ್ರೈಸ್ತರಿಗೂ 1951ರ ಏಪ್ರಿಲ್ 1ರಿಂದ ಭಾರತೀಯ ಕಾಯಿದೆಯೇ ಅನ್ವಯಿಸುವದೆಂದು 1986ರಲ್ಲಿ ತೀರ್ಪಾಯಿತು. ಆ ಹಳೆಯ ಕಾನೂನು ತಿರುವಾಂಕೂರಿನದು, ನಮ್ಮ ಜಿಲ್ಲೆಯದಲ್ಲ. ಆದರೆ ಕಾನೂನಿಗೆ ಗಡಿಯುಂಟು, ರೂಢಿಗೆ ಗಡಿಯಿಲ್ಲ. ತುಳು ಮನೆಯಲ್ಲಾಗಲಿ, ಕೊಂಕಣಿ ಮನೆಯಲ್ಲಾಗಲಿ, ಮಲಯಾಳಿ ಮನೆಯಲ್ಲಾಗಲಿ ತಂದೆಯ ತರುವಾಯ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆಯ ಪತ್ರವನ್ನು ಇಡುವವರು ಈಗಲೂ ಇದ್ದಾರೆ.

ಕೆಲವು ವರ್ಷಗಳ ಹಿಂದೆ ಕಡಬದ ಕಡೆಯ ಒಬ್ಬ ವಿಧವೆಯು ಅಂಥ ಒಂದು ಪತ್ರವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದರು. “ಟೀಚರೇ, ಇದರಲ್ಲಿ ಏನು ಬರೆದಿದೆ? ಮಗಳು ರುಜು ಹಾಕಲು ಸಿದ್ಧಳಿದ್ದಾಳೆ. ಅಣ್ಣಂದಿರ ಪ್ರೀತಿ ತಪ್ಪಬಾರದಂತೆ,” ಎಂದರು. ನಾವು ಓದಿ ಅರ್ಥ ಹೇಳಿದೆವು. ನೋಂದಾಯಿಸಿದ ಮೇಲೆ ಅದನ್ನು ಹಿಂದಕ್ಕೆ ತರುವದು ಬಹು ಕಷ್ಟವೆಂದೂ ತಿಳಿಸಿದೆವು. ಆ ತಾಯಿಯು ಮನೆಗೆ ಹೋಗಿ ಮಕ್ಕಳೆಲ್ಲರನ್ನು ಕೂಡಿಸಿ ಮಗಳಿಗೆ, “ಮೋಳೇ, ಕೊಡುವದಾದರೆ ನಿನ್ನದೆಂದು ತಿಳಿದು ಕೊಡು, ನಿನ್ನದಲ್ಲವೆಂದು ತಿಳಿದು ಬಿಟ್ಟುಬಿಡಬೇಡ,” ಎಂದರಂತೆ. ಮಗಳು ರುಜು ಹಾಕಲಿಲ್ಲ. ಎರಡು ಕ್ರಿಸ್ಮಸ್ ಹಬ್ಬಗಳಿಗೆ ಗಂಡುಮಕ್ಕಳಿಬ್ಬರೂ ತಾಯಿಯ ಮನೆಗೆ ಬರಲಿಲ್ಲ. ಮೂರನೆಯ ವರ್ಷ ಕಿರಿಯವನು ಬಂದು, ಜಾಗವನ್ನು ಅಳೆಯಿಸಿ ತಂಗಿಯ ಗಡಿಗೆ ತಾನೇ ಕಲ್ಲು ನೆಟ್ಟನು. ಹಿರಿಯವನು ಇನ್ನೂ ಬಂದಿಲ್ಲ. ಹಬ್ಬದ ದಿನ ತಾಯಿಯು ಅವನ ತಟ್ಟೆಯನ್ನೂ ಹಾಕಿ ಕಾಯುತ್ತಾರೆ. ನ್ಯಾಯಕ್ಕೆ ಬೆಲೆಯಿಲ್ಲವೆಂದು ನಾವು ಹೇಳುವದಿಲ್ಲ; ಅದನ್ನು ಕೊಡಲು ತಾಯಿಯು ಸಿದ್ಧಳಾಗಿರಬೇಕೆಂದು ಮಾತ್ರ ಹೇಳುತ್ತೇವೆ.

ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಸಭೆಯೆಲ್ಲಾ ನೋಡುತ್ತಿರಲು ಮೋಶೆಯ ಮುಂದೆ ನಿಂತು ತಂದೆಯ ಸ್ವಾಸ್ತ್ಯವನ್ನು ಕೇಳಿದರು. ಅವರ ಮಾತು ನ್ಯಾಯವೆಂದು ದೇವರೇ ಒಪ್ಪಿದನು. ಅವರಿಗೆ ಅಣ್ಣತಮ್ಮಂದಿರಿರಲಿಲ್ಲ. ಅಣ್ಣತಮ್ಮಂದಿರಿರುವವಳಿಗೂ ಸಮಪಾಲನ್ನು ಈಗಿನ ಕಾನೂನು ಕೊಟ್ಟಿದೆ. ಆದರೆ ಚಿಕ್ಕಂದಿನಿಂದ ಬಾಲದ ತುಂಡಿಗೆ ತೃಪ್ತಳಾದ ಮಗಳು ಸಭೆಯ ಮುಂದೆ ನಿಲ್ಲಲಾರಳು. ನಡುತುಂಡು ತನ್ನದೇ ಎಂದು ಬೆಳೆದ ಮಗನು ಹಂಚಿಕೊಳ್ಳಲಾರನು. ಇವರಿಬ್ಬರನ್ನೂ ಸರಿಯಾಗಿ ಬೆಳೆಸುವ ಕೆಲಸವು ತಾಯಿಯ ಕೈಯಲ್ಲಿದೆ, ಅದೂ ಇವತ್ತಿನ ರಾತ್ರಿಯ ಊಟದಲ್ಲಿಯೇ.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಯಾರು? ಕೊನೆಗೆ ಏಳುವವರು ಯಾರು? ಕಾರಣವೇನು?

2. ಕಳೆದ ವಾರ ಮಗನು ಮಾಡಿದ ಮನೆಗೆಲಸಗಳನ್ನೂ ಮಗಳು ಮಾಡಿದ ಮನೆಗೆಲಸಗಳನ್ನೂ ಎರಡು ಸಾಲಾಗಿ ಬರೆಯಿರಿ. ಯಾವ ಸಾಲು ಉದ್ದ?

3. ತಾಯಿಯು ತನಗಾಗಿ ಬಡಿಸಿಕೊಳ್ಳುವ ಪಾಲು ಯಾವದು? ಅದನ್ನು ನೋಡಿ ಮಗಳು ಏನನ್ನು ಕಲಿಯುತ್ತಾಳೆ?

4. ಮನೆಯ ಜಾಗದ ಪತ್ರಗಳು ಎಲ್ಲಿವೆಯೆಂದೂ ಅವುಗಳಲ್ಲಿ ಯಾರ ಹೆಸರಿದೆಯೆಂದೂ ತಾಯಿಗೆ ಗೊತ್ತುಂಟೋ? ಮಗಳಿಗೆ ಗೊತ್ತುಂಟೋ?

5. “ಕೊಡುವದಾದರೆ ನಿನ್ನದೆಂದು ತಿಳಿದು ಕೊಡು” ಎಂಬ ಮಾತಿನ ಅರ್ಥವನ್ನು ನಿಮ್ಮ ಮಕ್ಕಳಿಗೆ ಅವರವರ ಮನೆಮಾತಿನಲ್ಲಿ ತಿಳಿಸಿರಿ.