ಹೂವಿಗೆ ಸೂರ್ಯ, ಹಬ್ಬಕ್ಕೆ ಚಂದ್ರ

ನೋಡು ಮಗಾ, ಕಂಪನಿ ಶಿಫ್ಟಿನ ಜೊತೆಗೇ ಅರ್ಧ ಎಕರೆಗೆ ಸೇವಂತಿಗೆ, ಬದುವಿನ ಆಚೆ ಒಂದಿಷ್ಟು ಚೆಂಡು ಹೂ ಹಾಕುತ್ತೀನಿ ಅಂತ ಹೊರಟಿದ್ದೀಯ. ಒಳ್ಳೆಯದು. ಡ್ರಿಪ್ಪು, ಮಲ್ಚಿಂಗ್ ಶೀಟು, ಔಷಧಿ ಹೊಡೆಯೋದು ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ನಾನು ಬಾಯಿ ಹಾಕಲ್ಲ. ಆದರೆ ಮೊನ್ನೆ ಮಾತಿಗೆ ಮಾತು ಬಂದು, ‘ಹೋದ ವರ್ಷ ಪಕ್ಕದ ತೋಟದವರು ಯಾವ ತಾರೀಕಿಗೆ ನಾಟಿ ಮಾಡಿದರೋ ಈ ಸಲ ನಾನೂ ಅದೇ ತಾರೀಕಿಗೆ ಮಾಡುತ್ತೀನಿ’ ಅಂದೆ. ಆ ಒಂದು ಮಾತಿಗೇ ಇಷ್ಟು ಹೇಳಬೇಕಾಯಿತು.

ನಮ್ಮ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಇಂಗ್ಲಿಷ್ ತಾರೀಕು ನೋಡಿ ಏರಲ್ಲ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಕಾರ್ತಿಕ ಸೋಮವಾರ, ಇವೆಲ್ಲ ಚಂದ್ರನ ಲೆಕ್ಕ. ಅಮಾವಾಸ್ಯೆ ಬಂತೆಂದರೆ ಹೈವೇ ಮೇಲಿನ ಲಾರಿಯವರು, ಇಂಡಸ್ಟ್ರಿಯಲ್ ಏರಿಯಾದ ಶೆಡ್ಡಿನವರು ಬೂದುಗುಂಬಳ, ನಿಂಬೆಹಣ್ಣು, ಒಂದು ಮಾರು ಹೂವು ಅಂತ ಬಂದೇ ಬರುತ್ತಾರೆ. ಆಷಾಢದಲ್ಲಿ ಮದುವೆಯಿಲ್ಲ, ಹೂವು ಕೇಳೋರಿಲ್ಲ. ಅಧಿಕ ಮಾಸದಲ್ಲೂ ಹಾಗೇ. ದೇವರನ್ನು ನಂಬುತ್ತೀಯೋ ಬಿಡುತ್ತೀಯೋ ನಿನ್ನಿಷ್ಟ. ಕೊಳ್ಳೋಕೆ ಬರೋರು ನಂಬುತ್ತಾರಲ್ಲ, ನಿನ್ನ ವ್ಯಾಪಾರಕ್ಕೆ ಅಷ್ಟು ಸಾಕು.

ಲೆಕ್ಕ ಏನು ಕಷ್ಟದ್ದಲ್ಲ, ಪಂಚಾಂಗ ಅಂದರೆ ಜೋಯಿಸರ ಸೊತ್ತು ಅಂತ ಹೆದರಬೇಡ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಂಥ 12 ತಿಂಗಳು ಸೇರಿದರೆ 354 ದಿನವಾಯಿತು. ಸೂರ್ಯನ ವರ್ಷಕ್ಕೆ 365. ಹೆಚ್ಚುಕಡಿಮೆ 11 ದಿನ ಸಾಲದು. ಆ ಕೊರತೆಯನ್ನು ಹಾಗೇ ಬಿಟ್ಟರೆ ಯುಗಾದಿ ಜಾರುತ್ತಾ ಜಾರುತ್ತಾ ಮಳೆಗಾಲಕ್ಕೂ ಬರುತ್ತೆ, ಚಳಿಗಾಲಕ್ಕೂ ಬರುತ್ತೆ. ಅದಕ್ಕೇ ನಮ್ಮ ಹಿಂದಿನವರು ಎರಡೂವರೆ ಮೂರು ವರ್ಷಕ್ಕೊಂದು ತಿಂಗಳು ಹೆಚ್ಚಿಗೆ ಸೇರಿಸಿದರು. ಅದು ಅವರವರ ಮನಸ್ಸಿಗೆ ಬಂದ ಹಾಗೆ ಸೇರಿಸಿದ್ದಲ್ಲ: ಯಾವ ಚಾಂದ್ರಮಾಸದೊಳಗೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟಲ್ಲವೋ, ಅಂದರೆ ಸಂಕ್ರಮಣವೇ ಬೀಳಲ್ಲವೋ, ಅದು ಅಧಿಕ ಮಾಸ.

ಇದರ ಏಟು ಹೇಗಿರುತ್ತೆ ಅಂತ ವಿಜಯದಶಮಿಯನ್ನೇ ಹಿಡಿದು ನೋಡು. 2022ರಲ್ಲಿ ಅಕ್ಟೋಬರ್ 5. 2023ರಲ್ಲಿ ಅಕ್ಟೋಬರ್ 24, ಯಾಕೆಂದರೆ ಆ ವರ್ಷ ಅಧಿಕ ಶ್ರಾವಣ ನಡುವೆ ಬಂದು ಕೂತಿತ್ತು. 2024ಕ್ಕೆ 12, 2025ಕ್ಕೆ ಅಕ್ಟೋಬರ್ 2. ಎರಡು ವರ್ಷ ಹಿಂದಕ್ಕೆ ಸರಿಯುತ್ತೆ, ಆಮೇಲೆ ಒಂದೇ ನೆಗೆತಕ್ಕೆ ಮುಂದೆ ಹೋಗುತ್ತೆ. ಚೆಂಡು ಹೂವಿನ ಸಸಿ ನೆಟ್ಟು ಎರಡು ತಿಂಗಳ ಆಸುಪಾಸಿಗೆ ಕೊಯ್ಲು. 2022ರ ತಾರೀಕಿಗೇ 2023ರಲ್ಲೂ ನೆಟ್ಟವನ ಮೊದಲ ಒಳ್ಳೇ ಹೂವು ಹಬ್ಬಕ್ಕೆ ಎರಡು ವಾರಕ್ಕೂ ಮುಂಚೆ ಅರಳಿ, ಪಿತೃಪಕ್ಷದಲ್ಲಿ ಮಂಡಿಗೆ ಬರುತ್ತೆ. ಪಕ್ಷದಲ್ಲಿ ಯಾರು ಮೂಟೆಗಟ್ಟಲೆ ಹೂವು ಕೊಳ್ಳುತ್ತಾರೆ? ಗೊಬ್ಬರ ಅದೇ, ನೀರು ಅದೇ, ಕೂಲಿ ಅದೇ. ತಪ್ಪಿದ್ದು ಎಣಿಕೆ ಮಾತ್ರ.

ಈಗ ಸೇವಂತಿಗೆ ವಿಷಯ, ಇದು ಇನ್ನೂ ಸೊಗಸು. ಸೇವಂತಿಗೆ ಚಂದ್ರನ ಕಡೆ ತಿರುಗಿಯೂ ನೋಡಲ್ಲ. ಅದಕ್ಕೆ ಹಗಲು ಕಿರಿದಾಗಬೇಕು, ರಾತ್ರಿ ಉದ್ದವಾಗಬೇಕು. ಆಗ ಮೊಗ್ಗು ಕಟ್ಟುತ್ತೆ. ಅಂದರೆ ಪೂರ್ತಿ ಸೂರ್ಯನ ಗಿಡ. ಕೊಳ್ಳೋರು ಬರೋದು ಚಂದ್ರನ ಲೆಕ್ಕಕ್ಕೆ, ಹೂವು ಬಿಡೋದು ಸೂರ್ಯನ ಲೆಕ್ಕಕ್ಕೆ. ಇವೆರಡರ ನಡುವೆ ನಿಂತು ಹೊಂದಿಸೋದೇ ಹೂವಿನ ಬೇಸಾಯ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಲ್ಲಿ ಹೋದಾಗ ಹೊಲದ ತುಂಬ ಬಲ್ಬು ಉರಿಯೋದು ನೋಡಿದ್ದೀಯಲ್ಲ, ಜಾತ್ರೆಯೇನೋ ಅನ್ನೋ ಹಾಗೆ? ಗಿಡಕ್ಕೆ ಇನ್ನೂ ರಾತ್ರಿ ಉದ್ದವಾಗಿಲ್ಲ ಅಂತ ನಂಬಿಸಿ ಮೊಗ್ಗು ತಡೆಯೋ ಉಪಾಯ ಅದು. ಎಷ್ಟು ದಿನ ಉರಿಸಬೇಕು, ಯಾವತ್ತು ಆರಿಸಬೇಕು ಅನ್ನೋದಕ್ಕೆ ಹಬ್ಬ ಯಾವತ್ತು ಅಂತ ಮೊದಲೇ ಗೊತ್ತಿರಬೇಕು. ಕರೆಂಟಿಗೆ ಪಂಚಾಂಗವೇ ಸ್ವಿಚ್ಚು!

ಮಳೆಯ ಲೆಕ್ಕ ಮತ್ತೆ ಬೇರೆ. ಇಲ್ಲಿ ಬಹಳ ಜನ ಕಲಸಿಬಿಡುತ್ತಾರೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ ಅಂತ ನಿಮ್ಮಜ್ಜಿ ಎಣಿಸುತ್ತಿದ್ದ ಮಳೆ ನಕ್ಷತ್ರಗಳು ಚಂದ್ರನವಲ್ಲ, ಸೂರ್ಯ ಆಯಾ ನಕ್ಷತ್ರದಲ್ಲಿ ಇರೋ ಹದಿಮೂರು ಹದಿನಾಲ್ಕು ದಿನಗಳವು. ಆದ್ದರಿಂದ ಅವು ಇಂಗ್ಲಿಷ್ ತಾರೀಕಿಗೆ ಗಟ್ಟಿಯಾಗಿ ಅಂಟಿಕೊಂಡಿವೆ. ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರೆ ಜೂನ್ 22ರ ಸುಮಾರಿಗೆ, ಹಸ್ತ ಸೆಪ್ಟೆಂಬರ್ ಕೊನೆಗೆ, ಚಿತ್ತೆ ಅಕ್ಟೋಬರ್ 11ರ ಆಜುಬಾಜು, ಸ್ವಾತಿ 24ಕ್ಕೆ. ಅಧಿಕ ಮಾಸ ಬರಲಿ ಬಿಡಲಿ, ಇವು ಕದಲಲ್ಲ. ನಮ್ಮ ರೈತ ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ಚಂದ್ರನ ಮೇಲೆ ಇಟ್ಟೇ ಬದುಕಿದವನು: ರಾಗಿಗೆ ಒಂದು ಲೆಕ್ಕ, ಜಾತ್ರೆಗೆ ಒಂದು ಲೆಕ್ಕ. ಸಿದ್ಧಗಂಗೆಯ ದನಗಳ ಜಾತ್ರೆ ಶಿವರಾತ್ರಿಯ ಸುತ್ತ, ಅಂದರೆ ಮಾಘದ ಕತ್ತಲಲ್ಲಿ. ಯುಗಾದಿ ಕಳೆದ ಮೇಲೆ ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ತೇರು. ಅಲ್ಲಿಗೂ ಹೂವು ಹೋಗುತ್ತೆ, ನೆನಪಿರಲಿ.

ಹಬ್ಬದ ತಾರೀಕು, ಮಳೆ ನಕ್ಷತ್ರ ಎರಡನ್ನೂ ಒಟ್ಟಿಗೆ ಓದೋದು ಕಲಿತರೆ ಇನ್ನೊಂದು ಗುಟ್ಟು ಸಿಗುತ್ತೆ. 2025ರಂತೆ ದಸರೆ ಅಕ್ಟೋಬರ್ 2ಕ್ಕೆ ಬಂದರೆ ಕೊಯ್ಲು ಉತ್ತರೆ, ಹಸ್ತದ ಮಳೆಗೆ ಸಿಗುತ್ತೆ. 2023ರಂತೆ 24ಕ್ಕೆ ಹೋದರೆ ಚಿತ್ತೆಗೆ. ನೆಂದ ಹೂವು ಮೂಟೆಯಲ್ಲಿ ಕೊಳೆಯುತ್ತೆ, ಅರ್ಧ ಬೆಲೆಗೂ ಕೇಳೋರಿಲ್ಲ ಅನ್ನೋದು ನಿನಗೆ ಗೊತ್ತು. ಅದಕ್ಕೆ ಚೆಂಡು ಹೂವನ್ನು ಒಂದೇ ದಿನ ಪೂರ್ತಿ ನೆಡಬೇಡ, ವಾರ ಬಿಟ್ಟು ವಾರ ಮೂರು ಪಾಲು ಮಾಡು.

ಚಂದ್ರನ ಲೆಕ್ಕ ನಮ್ಮೊಬ್ಬರದೇ ಅಂತ ತಿಳಿಯಬೇಡ. ಲಾವೋಸ್, ವಿಯೆಟ್ನಾಂ, ಥಾಯ್ಲೆಂಡ್, ದಕ್ಷಿಣ ಚೀನಾದ ಬೆಟ್ಟಗಳಲ್ಲಿ ಹ್ಮಾಂಗ್ ಅನ್ನೋ ಜನ ಇದ್ದಾರೆ. ಭತ್ತದ ಕೊಯ್ಲು ಮುಗಿದ ಮೇಲೆ, ಹನ್ನೆರಡನೇ ಚಾಂದ್ರಮಾಸ ತೀರೋ ಹೊತ್ತಿಗೆ ಅವರ ಹೊಸ ವರ್ಷ. 1975ರಲ್ಲಿ ಲಾವೋಸಿನ ಸರ್ಕಾರ ಬದಲಾದ ಮೇಲೆ ಸಾವಿರಾರು ಕುಟುಂಬ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದವು. ಅಲ್ಲಿ ಕೆಲಸಕ್ಕೆ ರಜೆ ಸಿಗೋದೇ ಆ ದೇಶದ ಹಬ್ಬದ ದಿನ. ಹಾಗಾಗಿ ಸೇಂಟ್ ಪಾಲ್ ನಗರದಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ, ಫ್ರೆಸ್ನೋದಲ್ಲಿ ಡಿಸೆಂಬರ್ ಕೊನೆಗೆ ಸೇರುತ್ತಾರೆ. ನಮ್ಮವರೇನು ಕಡಿಮೆಯೇ? ಹೊರದೇಶದ ಕನ್ನಡ ಸಂಘಗಳು ಯುಗಾದಿಯನ್ನು ಅನುಕೂಲವಾದ ಶನಿವಾರಕ್ಕೆ ಇಟ್ಟುಕೊಳ್ಳುತ್ತವೆ. ನಾನು ಅದನ್ನು ತಪ್ಪು ಅನ್ನಲ್ಲ. ಊರು ಬಿಟ್ಟವರು ಹಬ್ಬ ಬಿಡದೆ ಇದ್ದಾರಲ್ಲ, ಅದೇ ದೊಡ್ಡದು. ಆದರೆ ಅವರಿಗೆ ಹೊಲ ಕಾಯುತ್ತಿಲ್ಲ. ನಿನಗೆ ಕಾಯುತ್ತಿದೆ. ನೀನೂ ಶಿಫ್ಟು ನೋಡಿಕೊಂಡು ಮನೆಯ ಹಬ್ಬವನ್ನು ಭಾನುವಾರಕ್ಕೆ ತಳ್ಳಬಹುದು, ನಿಮ್ಮಮ್ಮ ಬೈದರೂ ಒಬ್ಬಟ್ಟು ಎತ್ತಿಟ್ಟಿರುತ್ತಾಳೆ. ಮಂಡಿಯ ಬೆಲೆ ಮಾತ್ರ ನಿನಗೋಸ್ಕರ ಭಾನುವಾರದವರೆಗೆ ನಿಲ್ಲಲ್ಲ.

ಮೊಬೈಲಿನಲ್ಲಿ ಎಲ್ಲ ಸಿಗುತ್ತೆ ತಾತಾ, ಅನ್ನುತ್ತೀಯ. ಸಿಗುತ್ತೆ. ಆದರೆ ಅದು ಇವತ್ತು ಏನು ಅಂತ ಹೇಳುತ್ತೆ, ನೀನು ಕೇಳಿದಷ್ಟನ್ನೇ ಹೇಳುತ್ತೆ. ಈ ವರ್ಷದ ತಾರೀಕು ಮುಂದಿನ ವರ್ಷ ಕೆಡುತ್ತೆ ಅಂತ ಅನುಮಾನ ಬರೋದಕ್ಕಾದರೂ ತಲೆಯಲ್ಲಿ ಲೆಕ್ಕ ಇರಬೇಕಲ್ಲ? ಒಂಟಿಕೊಪ್ಪಲ್ ಪಂಚಾಂಗವೋ ಮತ್ತೊಂದೋ, ಒಂದನ್ನು ತಂದು ಗೋಡೆಗೆ ತೂಗುಹಾಕು. ರಾಹುಕಾಲ, ಗುಳಿಕಕಾಲದ ಪಟ್ಟಿ ನಿನಗೆ ಬೇಡವಾದರೆ ಬಿಡು, ನಾನೂ ನೋಡಲ್ಲ. ತಿಥಿ, ಮಾಸ, ಮಳೆ ನಕ್ಷತ್ರ ಇಷ್ಟು ನೋಡು. ಪಂಚಾಂಗದಿಂದ ಪಂಚಾಂಗಕ್ಕೆ ಹಬ್ಬ ಒಂದು ದಿನ ಆಚೀಚೆ ಆಗೋದುಂಟು, ಗಣಿತದ ಪದ್ಧತಿ ಬೇರೆಬೇರೆ. ಆ ಜಗಳಕ್ಕೆ ಹೋಗಬೇಡ, ಜನ ಎರಡು ದಿನ ಕೊಂಡರೆ ನಿನಗೇ ಲಾಭ. ಸಂಜೆ ಶಿಫ್ಟು ಮುಗಿಸಿ ಬರುವಾಗ ಒಂದು ಸಲ ತಲೆಯೆತ್ತು. ಹೈವೇ ದೀಪಕ್ಕೆ ನಕ್ಷತ್ರ ಕಾಣದೆ ಹೋದರೂ ಚಂದ್ರ ಕಾಣುತ್ತಾನೆ. ಹೊತ್ತು ಮುಳುಗುವಾಗಲೇ ತುಂಬಿ ಹುಟ್ಟಿದರೆ ಹುಣ್ಣಿಮೆ. ನೆತ್ತಿಯ ಮೇಲೆ ಅರ್ಧ ಇದ್ದರೆ ಶುದ್ಧ ಅಷ್ಟಮಿಯ ಹತ್ತಿರ. ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ತಿಂಗಳೊಪ್ಪತ್ತು ನೋಡಿದರೆ ಪುಸ್ತಕ ತೆಗೆಯದೆಯೇ ತಿಥಿ ಹೇಳುತ್ತೀಯ.

ಇನ್ನೊಂದು, ಲೆಕ್ಕದ ಪುಸ್ತಕ ಇಡು. ಯಾವ ಹಬ್ಬಕ್ಕೆ ಎಷ್ಟು ದಿನ ಮುಂಚೆ ನೆಟ್ಟೆ, ಯಾವ ಮಳೆ ಹೊಡೆಯಿತು, ಮಂಡಿಯಲ್ಲಿ ಎಷ್ಟಕ್ಕೆ ಹೋಯಿತು ಅಂತ ಬರೆದಿಡು. 235 ಚಾಂದ್ರಮಾಸಕ್ಕೂ 19 ಸೂರ್ಯ ವರ್ಷಕ್ಕೂ ಗಂಟೆಗಳಷ್ಟೇ ವ್ಯತ್ಯಾಸ, ಹಾಗಾಗಿ 19 ವರ್ಷಕ್ಕೊಮ್ಮೆ ತಿಥಿ ಬಹುಮಟ್ಟಿಗೆ ಅದೇ ತಾರೀಕಿಗೆ ಬಂದು ಕೂರುತ್ತೆ. 2006ರಲ್ಲಿ ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಬಂದಿದ್ದವು, 2025ರಲ್ಲೂ ಹಾಗೇ ಆಯಿತು. 2007ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇತ್ತು, 2026ರಲ್ಲೂ ಅದೇ ತಾರೀಕುಗಳಿಗೆ ಅದೇ ಮಾಸ. ನನ್ನ ಹಳೇ ಪುಸ್ತಕಗಳು ಅಟ್ಟದ ಮೇಲೆ ಟ್ರಂಕಿನಲ್ಲಿವೆ. 2027ಕ್ಕೆ ಯೋಚನೆ ಮಾಡುವಾಗ 2008ರದನ್ನು ತೆಗಿ. ಆ ಸಲ ವಿಜಯದಶಮಿ ಅಕ್ಟೋಬರ್ 9. ಅಲ್ಲಿಂದ ಹಿಂದಕ್ಕೆ ದಿನ ಎಣಿಸು, ಪಂಚಾಂಗದ ಜೊತೆ ತಾಳೆ ನೋಡು, ಆಮೇಲೆ ನರ್ಸರಿಯವನಿಗೆ ಸಸಿಯ ಮುಂಗಡ ಕೊಡು.